ಟೇಪು ಸುತ್ತಿದ ನೀಲಿ ವೈರು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ಇನ್ನೊಬ್ಬರ ಮನೆಯ ಊಟದ ಮೇಜಿನ ಸುತ್ತ ಆದ ಮಾತನ್ನು ಬೀದಿಗೆ ತರುವುದು ಸರಿಯೇ ಎಂಬ ಅಳುಕು ನನಗೆ ಇನ್ನೂ ಹೋಗಿಲ್ಲ. ಕಾರಿನ ವೈರುಗಳ ಬಗ್ಗೆ ನನಗೆ ಗೊತ್ತಿರುವುದು ಕೇಳಿ ತಿಳಿದಷ್ಟೇ. ಬಲ್ಲವರು ಓದಿದರೆ ನಗಬಹುದು. ಇದನ್ನು ನನಗಿಂತ ಚೆನ್ನಾಗಿ ಹೇಳುವವರು ಖಂಡಿತ ಇದ್ದಾರೆ. ಆದರೆ ಅವರು ಯಾರೂ ಹೇಳಲಿಲ್ಲ, ನನ್ನ ಮನಸ್ಸಿನಲ್ಲಿ ಕೂತದ್ದು ಏಳಲೂ ಇಲ್ಲ. ಹಾಗಾಗಿ ಹೇಳುತ್ತಿದ್ದೇನೆ. ಎಲ್ಲಿಯಾದರೂ ಹೆಚ್ಚುಕಡಿಮೆಯಾದರೆ ಹೊಟ್ಟೆಗೆ ಹಾಕಿಕೊಳ್ಳಿ.

ಅವನ ಕಸುಬು ಕಾರುಗಳಿಗೆ ಹೊಸ ಸ್ಟೀರಿಯೋ ಕೂರಿಸುವುದು. ನೆಂಟರಿಷ್ಟರ ಬಾಯಲ್ಲಿ ಅವನ ಹೆಸರು ‘ಸೌಂಡು’. ‘ಸೌಂಡು ಬಂದ, ಕುರ್ಚಿ ಹಾಕಿ’ ಎಂದು ಎಲ್ಲರೂ ನಗುತ್ತಿದ್ದರು. ನಗುವುದಕ್ಕೆ ಕಾರಣವೂ ಇತ್ತು. ಮನುಷ್ಯ ಗಟ್ಟಿಯಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಗಿರಾಕಿ ಹುಬ್ಬು ಗಂಟಿಕ್ಕಿದರೆ ಸಾಕು, ಅವನ ಅಂಗೈ ಬೆವರುತ್ತಿತ್ತು.

ಅಂಗಡಿ ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಇಳಿಜಾರಿನಲ್ಲಿ ಕಾರನ್ನು ನಿಧಾನಕ್ಕೆ ಇಳಿಸಿ, ಕಂಬಗಳ ನಡುವೆ ನಿಲ್ಲಿಸಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕೆಲಸ. ಒಂದು ಪಕ್ಕ ಟೈರಿನವನ ಅಂಗಡಿ, ಇನ್ನೊಂದು ಪಕ್ಕ ನೀರಿನ ಪಂಪು. ಮೇಲೆಲ್ಲ ಆಫೀಸುಗಳು ಇದ್ದುದರಿಂದ ಕಟ್ಟಡದ ಮಾಲೀಕನ ಕಟ್ಟಪ್ಪಣೆ ಒಂದೇ: ಕಾರು ನಿಲ್ಲಿಸಿದ ಮೇಲೆ ಒಳಗೆ ಎಂಜಿನ್ ಓಡಿಸಕೂಡದು, ಹೊಗೆ ಮೇಲಕ್ಕೆ ಹೋಗುತ್ತದೆ. ಸುತ್ತಲೂ ಕಾಂಕ್ರೀಟ್ ಇದ್ದುದರಿಂದ ರೇಡಿಯೋ ಅಲ್ಲಿ ಉಸಿರೇ ಎತ್ತುತ್ತಿರಲಿಲ್ಲ. ಹಾಗಾಗಿ ಅವನು ಕೂರಿಸಿದ ಪ್ರತಿಯೊಂದು ಸೆಟ್ಟನ್ನೂ ಪರೀಕ್ಷಿಸುತ್ತಿದ್ದದ್ದು ತನ್ನ ಫೋನಿನಲ್ಲಿದ್ದ ಒಂದೇ ಒಂದು ಹಾಡಿನಿಂದ, ಎಂಜಿನ್ ಆರಿಸಿಕೊಂಡು. ಡ್ರಮ್ಮು ಧಡಧಡ ಬಾರಿಸುವ ಹಾಡು. ಗಿರಾಕಿಯ ಸೀಟು ನಡುಗುತ್ತಿತ್ತು, ಗಿರಾಕಿ ಖುಷಿಯಾಗಿ ಹೋಗುತ್ತಿದ್ದ.

“ಆ ಹಾಡು ಹಾಡಿದವನೂ ಇಷ್ಟು ಸಲ ಹಾಡಿರಲ್ಲ ಬಿಡಣ್ಣ” ಎನ್ನುತ್ತಿದ್ದ ಟೈರಿನವನು. “ನನ್ನ ಕನಸಲ್ಲೂ ಅದೇ ಡ್ರಮ್ಮು, ನಿದ್ದೇಲೇ ಮಂಚ ಬಡೀತೀನಿ. ನನ್ನ ಹೆಂಡ್ತಿ ಯಾರೋ ಬಾಗಿಲು ಬಡೀತಿದಾರೆ ಅಂತ ಎದ್ದು ಕೂರ್ತಾಳೆ.”

ಅವನ ಮಾವ, ಅಂದರೆ ಹೆಂಡತಿಯ ತಂದೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ದುಡಿದು ನಿವೃತ್ತರಾದವರು. ಆಯುಷ್ಯದ ಒಳ್ಳೆಯ ಭಾಗವನ್ನೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಳೆದವರು. ಆ ಕಡೆಯವರು ಮಾತಾಡುವ ಮೊದಲೇ, ಉಸಿರು ಬಿಟ್ಟ ರೀತಿಯಲ್ಲೇ ಯಾರೆಂದು ಹೇಳುತ್ತಿದ್ದರಂತೆ. ಅವರಿಗಿದ್ದ ಹೆಮ್ಮೆ ಅದೊಂದೇ, ತಮ್ಮ ಕಿವಿ.

“ಪಕ್ಕದ ಮನೆ ನಲ್ಲಿ ತೊಟ್ಟಿಕ್ಕೋದು ಕೇಳಿಸತ್ತೆ ಇವರಿಗೆ” ಎಂದು ಅತ್ತೆ ರೇಗಿಸುತ್ತಿದ್ದರು. “ನಮ್ಮನೆ ಅಡುಗೆಮನೆಯಿಂದ ನಾನು ಕರೆದ್ರೆ ಮಾತ್ರ ಲೈನ್ ಬಿಜಿ.”

ಮಾವನಿಗೆ ಒಬ್ಬ ಅಕ್ಕ, ಅಳಿಯನ ಬಾಯಲ್ಲಿ ‘ದೊಡ್ಡತ್ತೆ’. ನದಿಯಾಚೆಯ ಊರಿನಲ್ಲಿ ಶಾಲೆಯ ಟೀಚರ್ ಆಗಿದ್ದು ನಿವೃತ್ತರಾದವರು. ಆ ಊರಿನ ಕಾಲೇಜಿನವರು ಒಂದು ಪುಟ್ಟ ರೇಡಿಯೋ ಸ್ಟೇಷನ್ ನಡೆಸುತ್ತಿದ್ದರು. ದಿನಾ ಮಧ್ಯಾಹ್ನ ಆ ಅಕ್ಕ ಅಲ್ಲಿ ಕೂತು ಮಕ್ಕಳಿಗೆ ಒಂದು ಕಥೆ ಓದುತ್ತಿದ್ದರು. ಇಂಟರ್ನೆಟ್ಟಿನಲ್ಲೆಲ್ಲ ಅದು ಸಿಗುತ್ತಿರಲಿಲ್ಲ. ಟವರೂ ಗಿಡ್ಡ, ದನಿ ನದಿ ದಾಟುವಷ್ಟರಲ್ಲಿ ಏದುಸಿರು ಬಿಡುತ್ತಿತ್ತು. ಮನೆಯೊಳಗೆ ಬರುತ್ತಲೇ ಇರಲಿಲ್ಲ. ಹಾಗಾಗಿ ಮಾವ ಊಟ ಮುಗಿಸಿ, ಊರಂಚಿನಲ್ಲಿ ನೀರಿನ ಟ್ಯಾಂಕ್ ಇದ್ದ ದಿಬ್ಬಕ್ಕೆ ಕಾರು ಹತ್ತಿಸಿ, ಕಿಟಕಿ ಏರಿಸಿಕೊಂಡು, ಅಕ್ಕನ ಕಥೆ ಕೇಳಿ ಬರುತ್ತಿದ್ದರು.

“ದಿನಾ ಫೋನಲ್ಲಿ ಮಾತಾಡ್ತೀರಲ್ಲ, ಅದು ಸಾಲ್ದಾ?” ಎಂದು ಅತ್ತೆ ಕೇಳಿದರೆ ಮಾವನ ಉತ್ತರ ಸಿದ್ಧವಿರುತ್ತಿತ್ತು: “ಫೋನಲ್ಲಿ ಅವಳು ಮಾತ್ರೆ ತಗೊಂಡ್ಯಾ ಅಂತ ಕೇಳ್ತಾಳೆ. ರೇಡಿಯೋದಲ್ಲಿ ರಾಕ್ಷಸನ ಕಥೆ ಹೇಳ್ತಾಳೆ. ಎರಡೂ ಒಂದೇನಾ?”

ಮಾವನ ಕಾರಿನ ಹಳೆಯ ಸೆಟ್ಟಿಗೆ ಅಂಥ ರೋಗವೇನೂ ಇರಲಿಲ್ಲ. ಅಂಕಿಗಳು ಅರ್ಧಂಬರ್ಧ ಬೆಳಗುತ್ತಿದ್ದವು, ಅಷ್ಟೆ. ಆದರೆ ಅಳಿಯನಿಗೆ ಒಳಗೊಳಗೇ ಒಂದು ಕೊರಗು. ಈ ಮನೆಯಲ್ಲಿ ಉಂಡು ತಿಂದು ಹೋಗುವುದೇ ಆಯಿತು, ತನ್ನ ಕೈಯಿಂದ ಒಂದು ಒಳ್ಳೆಯ ಕೆಲಸ ಆಗಲಿಲ್ಲ ಎಂದು. ಮಾವನ ಹುಟ್ಟಿದ ದಿನಕ್ಕೆ ದೊಡ್ಡ ಪರದೆಯ ಹೊಸ ಸೆಟ್ಟು ತಂದ. ಯಾರೂ ಕೇಳಿರಲಿಲ್ಲ. ಮಾವ “ಹಳೇದೇ ಚೆನ್ನಾಗಿತ್ತಲ್ಲ ಅಳಿಯಂದ್ರೇ, ನಿಮಗ್ಯಾಕೆ ತೊಂದ್ರೆ” ಎಂದರು. ಅವನು ಅದನ್ನು ಸಂಕೋಚ ಎಂದುಕೊಂಡ.

ಕಾರನ್ನು ನೆಲಮಾಳಿಗೆಗೆ ಇಳಿಸಿ ಹಳೆಯ ಸೆಟ್ಟನ್ನು ಎಳೆದಾಗ ಹಿಂದಿನಿಂದ ವೈರುಗಳ ಗೊಂಚಲು ಬಂತು. ಒಂದೊಂದಕ್ಕೂ ಹೊಸ ಸೆಟ್ಟಿನಲ್ಲಿ ಜೋಡಿ ಸಿಕ್ಕಿತು, ಕೊನೆಗೆ ಒಂದು ನೀಲಿ ವೈರು ಮಿಕ್ಕಿತು. ನೀಲಿ ಎಂದರೆ ಅವನ ಲೆಕ್ಕದಲ್ಲಿ ಆಂಟೆನಾ ಕಡ್ಡಿಯನ್ನು ಮೋಟರಿನಿಂದ ಮೇಲೆತ್ತುವ ವೈರು. ಈ ಕಾರಿಗೆ ಕಡ್ಡಿಯೇ ಇರಲಿಲ್ಲ. ಹಿಂದಿನ ಗಾಜಿನ ಮೇಲೆ ಎಳೆದ ಕೂದಲೆಳೆಯಂಥ ಗೆರೆಗಳೇ ಆಂಟೆನಾ. ಕಡ್ಡಿಯೇ ಇಲ್ಲದ ಮೇಲೆ ಎತ್ತುವುದೇನನ್ನು? ಅಂಥ ಕಾರುಗಳಲ್ಲಿ ಯಾವತ್ತೂ ಮಾಡುತ್ತಿದ್ದಂತೆ ಅದರ ತುದಿಗೆ ಕಪ್ಪು ಟೇಪು ಸುತ್ತಿ ಒಳಕ್ಕೆ ತುರುಕಿದ. ಫೋನಿನ ಹಾಡು ಹಾಕಿದ. ಡ್ರಮ್ಮು ಧಡಧಡ ಎಂದಿತು. ಟೈರಿನವನು ಎರಡೂ ಕಿವಿ ಮುಚ್ಚಿಕೊಂಡ. ಕೆಲಸ ಮುಗಿಯಿತು.

ಕೆಲವು ದಿನ ಬಿಟ್ಟು ಮಾವ ಫೋನ್ ಮಾಡಿದರು. ದೂರು ಹೇಳುವವರ ದನಿಯಲ್ಲ. ಸಾಲ ಕೇಳುವವರಂತೆ ಹಿಂಜರಿಯುತ್ತಿದ್ದರು.

“ಅಳಿಯಂದ್ರೇ, ತಪ್ಪು ತಿಳ್ಕೋಬೇಡಿ. ಸೆಟ್ಟು ಬಹಳ ಚೆನ್ನಾಗಿದೆ. ಅಕ್ಕನ ಸ್ಟೇಷನ್ ಮಾತ್ರ ಸ್ವಲ್ಪ ಸೊರಸೊರ ಅನ್ನತ್ತೆ. ನಿಮಗೆ ಬಿಡುವಿದ್ದಾಗ…”

ಅವನಿಗೆ ಮುಖ ಬಿಸಿಯಾಯಿತು. ಆ ಭಾನುವಾರವೇ ಹೋದ. ಮನೆಯ ಮುಂದೆ ಕಾರಿನಲ್ಲಿ ಕೂತು ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಖರ್ಚು ಮಾಡಿದ. ಮೊದಲು ದೂರದ ಒಂದು ಸ್ಟೇಷನ್ ಹಿಡಿದು, ಎಂಜಿನ್ ಹಾಕಿ ಆಕ್ಸಿಲರೇಟರ್ ಒತ್ತಿದ. ಎಂಜಿನ್ನಿನ ಗಲಾಟೆ ರೇಡಿಯೋಗೆ ನುಗ್ಗಿದ್ದರೆ ಕಾಲು ಒತ್ತಿದಷ್ಟೂ ಕುಂಯ್ ಎಂದು ಸ್ವರ ಏರಬೇಕು. ಏರಲಿಲ್ಲ. ಎಂಜಿನ್ ಆರಿಸಿದರೂ ಸೊರಸೊರ ಹಾಗೇ ಇತ್ತು. ಫೋನ್ ಚಾರ್ಜರ್ ಕಿತ್ತ. ಒಂದು ಗುಲಗಂಜಿಯಷ್ಟು ಕಡಿಮೆಯಾಯಿತು. ಸೆಟ್ಟಿನ ಅರ್ತಿಂಗಿನ ಕಪ್ಪು ವೈರು ಕಾರಿನ ಮೈಗೆ ಕೂತಿದ್ದ ಜಾಗದಲ್ಲಿ ಪೇಂಟಿನ ಮೇಲೆಯೇ ಸ್ಕ್ರೂ ಬಿಗಿದಿತ್ತು. ಪೇಂಟು ಕೆರೆದು, ಬರಿಯ ಲೋಹಕ್ಕೆ ಬಿಗಿದ. ಹತ್ತಿರದ ದೊಡ್ಡ ಸ್ಟೇಷನ್ ಹಾಕಿದ. ಗಂಟೆ ಹೊಡೆದಂತೆ ಬಂತು. ಒಳಗೆ ಹೋಗಿ, “ಆಯ್ತು ಅತ್ತೆ, ಈಗ ಯಾರೂ ಬೆರಳು ತೋರಿಸೋ ಹಾಗಿಲ್ಲ” ಎಂದ. ಅವನ ಬಾಯಲ್ಲಿ ಅಷ್ಟು ದೊಡ್ಡ ಮಾತು ಬಂದದ್ದಕ್ಕೆ ಅತ್ತೆ ಸಂತೋಷಪಟ್ಟು ಎರಡನೇ ಸಲ ಕಾಫಿ ಕೊಟ್ಟರು. ಹೆಂಡತಿ ತಾಯಿಯತ್ತ ನೋಡಿದ ನೋಟದಲ್ಲಿ, ನೋಡಿದೆಯಾ ನನ್ನ ಗಂಡನನ್ನ, ಎಂಬ ಸಣ್ಣ ಜಂಬವಿತ್ತು. ಅವನು ಅದನ್ನು ನೋಡಿದ. ನೋಡಬಾರದಿತ್ತು.

ಕಥೆಯ ಹೊತ್ತಾಗಿತ್ತು; ಕಾಫಿ ಲೋಟ ಇಟ್ಟವನೇ ಮಾವನ ಜೊತೆ ದಿಬ್ಬ ಹತ್ತಿದ. ಮಾವನೇ ಓಡಿಸಿದರು. ಟ್ಯಾಂಕಿನ ನೆರಳಲ್ಲಿ ನಿಲ್ಲಿಸಿ, ಕಿಟಕಿ ಏರಿಸಿ, ಪರದೆಯ ಮೇಲೆ ಬೆರಳಿಟ್ಟರು.

ಕಾದ ಎಣ್ಣೆಯಲ್ಲಿ ನೀರು ಬಿದ್ದಂಥ ಶಬ್ದ. ಅದರಡಿಯಲ್ಲಿ ಎಲ್ಲೋ ಒಬ್ಬ ಹೆಂಗಸು ಮಾತಾಡುತ್ತಿದ್ದರು, ಗೋಣಿಚೀಲದೊಳಗಿಂದ ಮಾತಾಡಿದ ಹಾಗೆ. ಒಂದು ಪದ ಮೇಲೆ ಬರುವುದು, ಮುಳುಗುವುದು.

ಮಾವ ತಲೆಯನ್ನು ಸ್ವಲ್ಪ ವಾರೆ ಮಾಡಿ ಕೇಳಿದರು. ಆಮೇಲೆ ಅಳಿಯನ ಮುಖ ನೋಡಿದರು.

“ನಿಮಗೂ ಸೊರಸೊರ ಕೇಳಿಸ್ತಿದೆಯಾ?”

ಕೇಳಿಸುತ್ತಿತ್ತು. ಕಿವುಡನಿಗೂ ಕೇಳಿಸುವಷ್ಟು ಕೇಳಿಸುತ್ತಿತ್ತು. ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ನಾಲಿಗೆಯ ಮೇಲೆ ಇನ್ನೂ ಎರಡನೇ ಕಾಫಿಯ ರುಚಿ ಇತ್ತು. ಈಗ ತಾನೇ ಆಡಿ ಬಂದ ಮಾತು ಬೆನ್ನ ಹಿಂದೆ ನಿಂತಿತ್ತು. ಇನ್ನು ಏನು ಬಿಚ್ಚಬೇಕು, ಎಲ್ಲಿ ಕೆರೆಯಬೇಕು, ಅವನಿಗೆ ದೇವರಾಣೆ ಗೊತ್ತಿರಲಿಲ್ಲ.

“ಇಲ್ಲ ಮಾವ” ಎಂದ. “ನನಗೆ ಸ್ಪಷ್ಟವಾಗೇ ಕೇಳಿಸ್ತಿದೆ.”

ಬೇರೆ ಯಾರೇ ಆಗಿದ್ದರೂ ‘ಏನ್ರೀ ತಮಾಷೆನಾ’ ಎಂದು ನಗುತ್ತಿದ್ದರು. ಮಾವ ಎಕ್ಸ್‌ಚೇಂಜಿನವರು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಾಡಿದ್ದೇ ಅದು: ಈ ಕಡೆಯವರನ್ನು ಕೇಳು, ಆ ಕಡೆಯವರನ್ನು ಕೇಳು, ಒಬ್ಬರಿಗೆ ಕೇಳಿಸಿ ಇನ್ನೊಬ್ಬರಿಗೆ ಕೇಳಿಸದಿದ್ದರೆ, ಕೇಳಿಸದವರ ಲೈನಿನಲ್ಲಿ ದೋಷ. ಹೇಳುವವರು ಸುಳ್ಳು ಹೇಳುತ್ತಾರೆ ಎಂಬ ತಂತಿ ಆ ಸ್ವಿಚ್‌ಬೋರ್ಡಿನಲ್ಲಿ ಇರಲೇ ಇಲ್ಲ.

“ಹಾಗಾದ್ರೆ ದೋಷ ಈ ಕಡೇದು” ಎಂದರು ಮಾವ. ಬಲಗಿವಿಯ ಹಾಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಆಮೇಲೆ ರೇಡಿಯೋ ಆರಿಸಿ ಗಾಡಿ ತಿರುಗಿಸಿದರು.

ಆ ಸಂಜೆ ಮಾವನೇ ಅದನ್ನು ಎಲ್ಲರ ಮುಂದೆ ಹೇಳಿದರು. “ಅಳಿಯಂದಿರಿಗೆ ಸ್ಪಷ್ಟ ಕೇಳಿಸ್ತಂತೆ ಕಣೇ. ನನ್ನ ಕಿವೀನೇ ರಿಟೈರ್ ಆಗ್ತಿದೆ.” ಅತ್ತೆ, “ನಾನು ಎಷ್ಟು ವರ್ಷದಿಂದ ಹೇಳ್ತಿದೀನಿ!” ಎಂದು ಕೈ ತಟ್ಟಿ ನಕ್ಕರು. ಮಗಳು ನಕ್ಕಳು. ಮಾವನೂ ನಕ್ಕರು. ಅಳಿಯನೂ ನಕ್ಕ. ಆ ನಗು ನೆನಪಾದಾಗಲೆಲ್ಲ ಅವನಿಗೆ ಇವತ್ತಿಗೂ ಕೂತಲ್ಲಿ ಕೂರಲು ಆಗುವುದಿಲ್ಲ.

ಅಂಗಡಿಯಲ್ಲಿ ಕೂತು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ನಾಳೆ ಸರಿ ಮಾಡಿಕೊಡುತ್ತೇನೆ, ಯಾರಿಗೂ ತಿಳಿಯುವುದಿಲ್ಲ. ನಾಳೆ ಹೋಗಿ ಗಲಾಟೆ ಸೋಸುವ ಹೊಸ ಫಿಲ್ಟರ್ ಹಾಕಿದ. ಇನ್ನೊಂದು ನಾಳೆ ಆಂಟೆನಾದ ಪಿನ್ನು ಬದಲಿಸಿದ. ಪ್ರತಿ ಸಲವೂ “ಸುಮ್ನೆ ಸರ್ವಿಸ್ ಮಾವ” ಎನ್ನುತ್ತಿದ್ದ. ಮಾವ ಒಂದು ಲೋಟ ನೀರು ತಂದುಕೊಟ್ಟು, “ಚೆನ್ನಾಗಿರೋ ಸೆಟ್ಟನ್ನ ಯಾಕೆ ಗೋಳು ಹೊಯ್ಕೋತೀರಿ, ಬಿಡಿ” ಎನ್ನುತ್ತಿದ್ದರು. ಅವನು ಆ ಲೋಟವನ್ನು ಹಾಗೇ ಬಾನೆಟ್ಟಿನ ಮೇಲಿಟ್ಟು ಬರುತ್ತಿದ್ದ.

ಮಾವ ದಿಬ್ಬಕ್ಕೆ ಹೋಗುವುದನ್ನು ಬಿಟ್ಟರು. ಒಂದು ದಿನ ಅವನು ಚಪ್ಪಲಿ ಬಿಡುತ್ತಿದ್ದಾಗ ಒಳಗೆ ಅವರು ಅಕ್ಕನ ಜೊತೆ ಫೋನಲ್ಲಿ ಮಾತಾಡುತ್ತಿದ್ದರು. “ಹೂಂ ಕಣೇ, ಕೇಳ್ದೆ. ಇವತ್ತಿನ ಕಥೆ ಬಹಳ ಚೆನ್ನಾಗಿತ್ತು… ಯಾವ ಭಾಗವಾ? ಎಲ್ಲಾ ಭಾಗವೂ ಚೆನ್ನಾಗಿತ್ತು.” ಫೋನ್ ಇಟ್ಟು ಅಳಿಯನನ್ನು ಕಂಡು, ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗನಂತೆ ಮುಖ ಮಾಡಿದರು. “ಅವಳಿಗೆ ಬೇಜಾರಾಗಬಾರದು ಅಂತ” ಎಂದರು. ಆ ಮನೆಯಲ್ಲಿ ಸುಳ್ಳು ಹೇಳದ ಒಬ್ಬರು ಇದ್ದರು. ಅವರಿಗೂ ಈಗ ಸುಳ್ಳು ಕಲಿಸಿಯಾಗಿತ್ತು.

ಬರಬರುತ್ತ ಮಾವ ಎಲ್ಲದಕ್ಕೂ “ಹಾಂ?” ಎನ್ನತೊಡಗಿದರು. ಮೊದಲು ತಟ್ಟನೆ ಉತ್ತರ ಕೊಡುತ್ತಿದ್ದವರು ಈಗ ತಮಗೆ ಕೇಳಿಸಿದ್ದು ಸರಿಯೋ ತಪ್ಪೋ ಎಂದು ಅಳೆದು ನೋಡುತ್ತಿದ್ದರು. ಅತ್ತೆ ರೇಗಿಸುವುದನ್ನು ನಿಲ್ಲಿಸಿದರು. ಕಿವಿಯ ಡಾಕ್ಟರ ಹತ್ತಿರ ಸಮಯ ಗೊತ್ತುಮಾಡಿದರು. ಕೊನೆಗೆ ಒಂದು ದಿನ ಮಾವ ಕಾರಿನ ಕೀಲಿಯನ್ನು ಅಳಿಯನ ಅಂಗೈ ಮೇಲೆ ಇಟ್ಟರು.

“ನೀವೇ ಇಟ್ಕೊಳ್ಳಿ. ಇಲ್ಲಾ ಯಾರಿಗಾದ್ರೂ ಕೊಟ್ಬಿಡಿ. ಹಾರ್ನ್ ಕೇಳಿಸದವನು ಸ್ಟೀರಿಂಗ್ ಹಿಡೀಬಾರದು. ಯಾರ ಮನೆ ಮಗೂನೋ ಅಡ್ಡ ಬಂದ್ರೆ?”

“ಮಾವ, ಹಾಗೇನಿಲ್ಲ, ನಿಮಗೆ ಕೇಳಿಸತ್ತೆ…”

“ನೀವು ಒಳ್ಳೇವ್ರು, ಹಾಗಂತೀರಿ.”

ಅವನು ಕಾರು ತಂದು ಅಂಗಡಿಯ ಮೂಲೆಯಲ್ಲಿ ನಿಲ್ಲಿಸಿದ. ದಿನವೂ ಅದರ ಪಕ್ಕದಲ್ಲಿ ಹಾದುಹೋಗಬೇಕಿತ್ತು. ಬೇರೆ ಕಡೆ ನೋಡಿಕೊಂಡು ಹೋಗುತ್ತಿದ್ದ.

ಆ ವಾರ ನೀರಿನ ಪಂಪು ಕೆಟ್ಟು ನೆಲಮಾಳಿಗೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ಟೈರಿನವನು ಪ್ಯಾಂಟು ಮಡಚಿಕೊಂಡು, “ಇನ್ಮೇಲೆ ದೋಣಿಗೆ ಟೈರು ಹಾಕ್ತೀನಿ, ನೀನು ದೋಣಿಗೆ ಸ್ಟೀರಿಯೋ ಹಾಕು” ಎಂದ. ಗಿರಾಕಿಯೊಬ್ಬ ಬಂದ. ಅವನದ್ದೂ ಮಾವನ ಕಾರಿನ ಜಾತಿಯದೇ ಕಾರು. ಒಳಗೆ ಇಳಿಸುವ ಹಾಗಿರಲಿಲ್ಲ. ಮೇಲೆ, ಇಳಿಜಾರಿನ ಬಾಯಲ್ಲಿ, ಬಿಸಿಲಿಗೇ ನಿಲ್ಲಿಸಿಕೊಂಡು ಅಳಿಯ ಕೆಲಸ ಶುರು ಮಾಡಿದ. ಗಿರಾಕಿ ಯಾವುದೋ ದೂರದ ಸ್ಟೇಷನ್ನಿನಲ್ಲಿ ಆಟದ ವರದಿ ಕೇಳುತ್ತಿದ್ದ. “ಆರಿಸ್ಬೇಡಿ, ಕೊನೇ ಗಳಿಗೆ” ಎಂದ. ಸರಿ, ರೇಡಿಯೋ ಹಾಡುತ್ತಿದ್ದಂತೆಯೇ ಹಳೆಯ ಸೆಟ್ಟನ್ನು ಮೆಲ್ಲಗೆ ಹೊರಕ್ಕೆ ಎಳೆದ. ಕೈಗೆ ತಾಗಿ ಒಂದು ವೈರು ಸಡಿಲವಾಗಿ ಜಾರಿತು.

ವರದಿಗಾರ ಗೋಣಿಚೀಲದೊಳಗೆ ಹೋದ. ಎಣ್ಣೆಯಲ್ಲಿ ನೀರು ಬಿದ್ದ ಶಬ್ದ.

ನೀಲಿ ವೈರು. ಅವನು ಅದನ್ನು ಜಾಗಕ್ಕೆ ಒತ್ತಿದ. ವರದಿಗಾರ ಕಿವಿಯ ಪಕ್ಕದಲ್ಲೇ ಕೂಗಿದ. ಬಿಟ್ಟ, ಮುಳುಗಿದ. ಒತ್ತಿದ, ಎದ್ದ.

“ಏನ್ರೀ ಆಟ ಆಡ್ತಿದೀರಿ, ಅಲ್ಲಿ ಆಟ ಮುಗೀತಿದೆ!” ಎಂದು ಗಿರಾಕಿ ರೇಗಿದ.

ಆ ವೈರು ಕಡ್ಡಿ ಎತ್ತುವುದಕ್ಕಲ್ಲ. ಹಿಂದಿನ ಗಾಜಿನ ಗೆರೆಗಳು ಹಿಡಿದ ಕ್ಷೀಣ ದನಿಯನ್ನು ದೊಡ್ಡದು ಮಾಡುವ ಪುಟ್ಟ ಪೆಟ್ಟಿಗೆಯೊಂದು ಗಾಜಿನ ಪಕ್ಕದಲ್ಲಿ ಅಡಗಿ ಕೂತಿತ್ತು. ಅದಕ್ಕೆ ಕರೆಂಟು ಹೋಗುವುದು ಈ ವೈರಿನಿಂದ. ವೈರಿಗೆ ಟೇಪು ಸುತ್ತಿದರೆ ಪೆಟ್ಟಿಗೆ ಸತ್ತಂತೆ. ಹತ್ತಿರದ ದೊಡ್ಡ ಸ್ಟೇಷನ್ನುಗಳು ಹೇಗೋ ನುಸುಳಿ ಬರುತ್ತವೆ; ದೂರದ ಬಡಕಲು ಸ್ಟೇಷನ್ನುಗಳು ಉಸಿರುಗಟ್ಟುತ್ತವೆ. ನೆಲಮಾಳಿಗೆಯಲ್ಲಿ ಕೂತು ಫೋನಿನ ಡ್ರಮ್ಮು ಬಾರಿಸಿದರೆ ಇದು ಗೊತ್ತಾಗುವುದು ಹೇಗೆ? ಎಷ್ಟು ಕಾರುಗಳ ನೀಲಿ ವೈರಿಗೆ ತಾನು ಟೇಪು ಸುತ್ತಿ ಕಳಿಸಿದೆನೋ ಎಂದು ಎಣಿಸಲು ಹೋಗಿ ಅವನು ಲೆಕ್ಕ ತಪ್ಪಿದ. ಅವರ್ಯಾರೂ ತಿರುಗಿ ಬಂದಿರಲಿಲ್ಲ. ಕೆಲಸ ಒಳ್ಳೆಯದು ಎಂದು ಅವನು ಅಂದುಕೊಂಡಿದ್ದ. ಅವರೂ ತಂತಮ್ಮ ಕಿವಿ ಹಿಡಿದು ಎಳೆದುಕೊಂಡಿರಬಹುದು.

ಗಿರಾಕಿ ಹೋದ ಮೇಲೆ ಅವನು ಮಾವನ ಕಾರನ್ನು ನೀರಿನಿಂದ ಮೇಲೆ ಹತ್ತಿಸಿದ. ಸೆಟ್ಟು ಎಳೆದು, ಟೇಪು ಬಿಚ್ಚಿ, ನೀಲಿಯನ್ನು ಹೊಸ ಸೆಟ್ಟಿನಲ್ಲಿ ಆಂಟೆನಾಕ್ಕೆ ಕರೆಂಟು ಕೊಡುವ, ತಾನು ಬಳಸದೇ ಬಿಟ್ಟಿದ್ದ ವೈರಿಗೆ ಜೋಡಿಸಿದ. ಒಂದು ಬೀಡಿ ಸೇದಿ ಮುಗಿಸುವಷ್ಟೂ ಹೊತ್ತಿನ ಕೆಲಸವಲ್ಲ. ಒಬ್ಬನೇ ದಿಬ್ಬಕ್ಕೆ ಹೋದ. ಮಧ್ಯಾಹ್ನ ಕಥೆಯ ಹೊತ್ತು. ಪರದೆಯ ಮೇಲೆ ಬೆರಳಿಟ್ಟ.

ಹಿಂದಿನ ಸೀಟಿನಲ್ಲಿ ಯಾರೋ ಕೂತು ಮಾತಾಡಿದ ಹಾಗೆ ಬಂತು ದನಿ. ಕನ್ನಡಕ ಕಳೆದುಕೊಂಡ ಕರಡಿಯೊಂದರ ಕಥೆ. ಕರಡಿ ಎಲ್ಲರನ್ನೂ ತಪ್ಪು ಹೆಸರಿನಿಂದ ಕರೆಯುತ್ತಿತ್ತು. ಅಕ್ಕ ಕರಡಿಯ ದನಿ ಬೇರೆ, ಮೊಲದ ದನಿ ಬೇರೆ ಮಾಡಿ ಓದುತ್ತಿದ್ದರು. ಪುಟ ತಿರುಗಿಸಿದ ಸರಕ್ ಕೂಡ ಕೇಳಿಸಿತು. ಅವನು ಪಕ್ಕದ ಖಾಲಿ ಸೀಟು ನೋಡಿಕೊಂಡು ಆ ದಿನದ ಭಾಗ ಮುಗಿಯುವವರೆಗೆ ಕೂತ. ನಗು ಬರುವ ಕಥೆ. ಅವನ ಎರಡೂ ಕಿವಿಗಳು ಸುಡುತ್ತಿದ್ದವು.

ಇಷ್ಟಾದ ಮೇಲೂ ಅವನು ನೇರವಾಗಿ ಹೋಗಿ ಕಾಲಿಗೆ ಬಿದ್ದ ಎಂದು ಹೇಳಿದರೆ ಅದು ನಾನು ಹೇಳುವ ಸುಳ್ಳಾಗುತ್ತದೆ. ದಾರಿಯುದ್ದಕ್ಕೂ ಅವನು ಒಂದು ಹೊಸ ಸುಳ್ಳನ್ನು ತಿದ್ದಿ ತೀಡಿದ. ಸ್ಟೇಷನ್ನಿನವರೇ ಟವರನ್ನು ಎತ್ತರ ಮಾಡಿದ್ದಾರಂತೆ, ಬನ್ನಿ ಮಾವ, ಒಂದು ಸಲ ಕೇಳಿ ನೋಡೋಣ. ಅಷ್ಟೆ. ಮಾವನಿಗೆ ಕಿವಿ ವಾಪಸ್ಸು, ತನಗೆ ಮಾನ ವಾಪಸ್ಸು.

ಸಂಜೆ ಎಲ್ಲರೂ ಊಟಕ್ಕೆ ಕೂತರು. ಅವನ ಹೆಂಡತಿಯೂ ಅಲ್ಲೇ ಇದ್ದಳು. ಮರುದಿನ ಅಪ್ಪನನ್ನು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ಯಲು ಬಂದಿದ್ದಳು. ಅತ್ತೆ ಮಾವನ ಕಡೆ ಬಾಗಿ, ಕಾಯಿಲೆಯವರ ಹತ್ತಿರ ಮಾತಾಡುವಂತೆ ಜೋರಾಗಿ, ಆದರೆ ಮೃದುವಾಗಿ ಕೇಳಿದರು: “ರೀ, ಇನ್ನು ಸ್ವಲ್ಪ ಬಡಿಸ್ಲಾ?” ಆ ಮೆದು ದನಿ ಕೇಳಿ ಅಳಿಯ ಕಲಸಿದ ತುತ್ತನ್ನು ತಟ್ಟೆಯಲ್ಲೇ ಬಿಟ್ಟ. ಅವರು ರೇಗಿಸುತ್ತಿದ್ದುದೇ ಎಷ್ಟೋ ವಾಸಿಯಿತ್ತು.

ಅವನು ಗಂಟಲು ಸರಿ ಮಾಡಿಕೊಂಡ. “ಮಾವ, ಆ ಸ್ಟೇಷನ್ನಿನವ್ರು ಟವರ್ ಎತ್ತರ ಮಾಡಿದಾರಂತೆ.”

“ಹಾಂ?” ಎಂದರು ಮಾವ.

ಸುಳ್ಳನ್ನು ಮೆಲ್ಲಗೆ ಒಂದು ಸಲ ಹೇಳಿಬಿಡಬಹುದು. ಅದನ್ನೇ ಎರಡನೇ ಸಲ, ಗಟ್ಟಿಯಾಗಿ, ಒಬ್ಬ ಮುದುಕರ ಮುಖಕ್ಕೆ ಮುಖ ಕೊಟ್ಟು ಕೂಗುವುದು ಬೇರೆ. ಅವನು ಬಾಯಿ ತೆರೆದ. “ಸ್ಟೇಷನ್ನಿನವ್ರು…” ಎಂದ. ಮಾವ ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು, ಒಂದೂ ಪದ ಬಿಟ್ಟುಹೋಗದಿರಲಿ ಎಂದು, ಅಷ್ಟು ಶ್ರದ್ಧೆಯಿಂದ ಅವನ ತುಟಿಗಳನ್ನೇ ನೋಡುತ್ತಿದ್ದರು.

“ನಾನು ಸುಳ್ಳು ಹೇಳ್ದೆ ಮಾವ!”

ಅವನು ಕೂಗಿದ್ದು ಆ ಮನೆಯಲ್ಲಿ ಅದೇ ಮೊದಲು. ಲೋಟಗಳು ಕೂಡ ಬೆಚ್ಚಿದವು.

“ಕೂಗ್ಬೇಡಿ” ಎಂದರು ಮಾವ. “ಕೇಳಿಸ್ತು.”

ಅವನು ಎಲ್ಲವನ್ನೂ ಹೇಳಿದ. ನೀಲಿ ವೈರು, ಟೇಪು, ಇಳಿಜಾರಿನ ಬಾಯಲ್ಲಿ ಆದದ್ದು. ವೈರಿನ ಕಥೆಯನ್ನು ಬೇಕೆಂದೇ ಉದ್ದ ಮಾಡಿದ; ಮುಂದಿನದು ಬಾರದಿರಲಿ ಎಂಬಂತೆ. ಮಾವ ಮಧ್ಯದಲ್ಲಿ ಕೈ ಎತ್ತಿದರು.

“ವೈರು ಬಿಡಿ. ಆವತ್ತು ದಿಬ್ಬದ ಮೇಲೆ. ನಿಮಗೆ ಸೊರಸೊರ ಕೇಳಿಸಿತ್ತಾ?”

“ಕೇಳಿಸಿತ್ತು ಮಾವ.”

“ಸ್ವಲ್ಪನಾ?”

“ಇಲ್ಲ. ಜೋರಾಗಿ. ದೊಡ್ಡತ್ತೆ ಹೇಳ್ತಿದ್ದ ಒಂದು ಮಾತೂ ನನಗೆ ತಿಳೀಲಿಲ್ಲ.”

ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. “ಅಯ್ಯೋ ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ! ಇಷ್ಟು ದಿನ ನಾನು ಗಂಟಲು ಹರ್ಕೊಂಡು ಮಾತಾಡ್ತಿದ್ನಲ್ರೀ! ಬೀದಿಯವರೆಲ್ಲ ನಮ್ಮನೇಲಿ ದಿನಾ ಜಗಳ ಅಂತ ತಿಳ್ಕೊಂಡಿದಾರೆ!” ಎಂದರು. ಬೇರೆ ದಿನವಾಗಿದ್ದರೆ ಎಲ್ಲರೂ ನಗುತ್ತಿದ್ದರು. ಯಾರೂ ನಗಲಿಲ್ಲ. ಮಾವ ತಟ್ಟೆಯಲ್ಲಿದ್ದುದನ್ನು ಪೂರ್ತಿ ಮುಗಿಸಿದರು, ಕೈ ತೊಳೆದರು, ತಮ್ಮ ಕೋಣೆಗೆ ಹೋಗಿ ಬಾಗಿಲನ್ನು ಶಬ್ದವಾಗದಂತೆ ಮುಚ್ಚಿಕೊಂಡರು.

ಅಡುಗೆಮನೆಯಲ್ಲಿ ಹೆಂಡತಿ ಪಾತ್ರೆ ಉಜ್ಜುತ್ತಲೇ ಹೇಳಿದಳು, ತಿರುಗಿ ನೋಡದೆ. “ವೈರ್ ಬಿಟ್ಟುಹೋಗೋದು ಯಾರಿಗಾದ್ರೂ ಆಗತ್ತೆ ರೀ. ಆದ್ರೆ ಅಪ್ಪ ಕಿವಿ ಹಿಡ್ಕೊಂಡು ಕೂತಿರೋದನ್ನ ಎದುರಿಗೇ ನೋಡ್ತಾ, ಅದು ಹೇಗೆ ರೀ ಊಟ ಇಳೀತು ನಿಮಗೆ?”

ಅವನು ಬಟ್ಟೆ ತೆಗೆದುಕೊಂಡ. ಒದ್ದೆ ಪಾತ್ರೆಗಳನ್ನು ಒಂದೊಂದಾಗಿ ಒರೆಸಿ ಇಟ್ಟ.

ಮರುದಿನ ಮಾವ ಡಾಕ್ಟರ ಹತ್ತಿರ ಹೋಗಲಿಲ್ಲ. ಮಗಳು ಬೇಡಿಕೊಂಡಳು, “ತೋರಿಸಿದ್ರೆ ತಪ್ಪೇನಪ್ಪ, ಹೇಗೂ ಹೇಳಿಟ್ಟಿದೀವಿ.” ಮಾವ, “ಬೇಡ. ಇನ್ನೊಬ್ರನ್ನ ಕೇಳಿ ನನ್ನ ಕಿವಿ ಹೇಗಿದೆ ಅಂತ ತಿಳ್ಕೊಳ್ಳೋದು ಸಾಕು” ಎಂದುಬಿಟ್ಟರು. ಆ ಮಾತಿಗೆ ಅಳಿಯ ತಲೆ ಎತ್ತಲಿಲ್ಲ. ಕೀಲಿಯನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ, “ನಿಮ್ಮ ಕಾರು ಹೊರಗಿದೆ ಮಾವ” ಎಂದ.

ಮಧ್ಯಾಹ್ನದ ಹೊತ್ತಿಗೆ ಮಾವ ಕೋಣೆಯಿಂದ ಹೊರಗೆ ಬಂದು ಚಪ್ಪಲಿ ಮೆಟ್ಟಿದರು. ಮೊಳೆಯ ಕಡೆ ನೋಡಲಿಲ್ಲ. “ನೀನು ಓಡಿಸು” ಎಂದರು. ಮದುವೆಯಾದ ದಿನದಿಂದ ‘ನೀವು’ ಎನ್ನುತ್ತಿದ್ದವರು. ಅದು ಸಲಿಗೆಯೋ ಶಿಕ್ಷೆಯೋ ಎಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ.

ಟ್ಯಾಂಕಿನ ನೆರಳಲ್ಲಿ ಕಾರು ನಿಲ್ಲಿಸಿ, ಕಿಟಕಿ ಏರಿಸಿ, ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಮಾವನೇ ಪರದೆಯ ಮೇಲೆ ಬೆರಳಿಟ್ಟರು. ದನಿ ಬಂತು, ತೊಳೆದಿಟ್ಟ ಗಾಜಿನಂತೆ. ಕರಡಿಯ ಕಥೆಯ ಮುಂದಿನ ಭಾಗ. ಮಾವ ತಲೆಯನ್ನು ವಾರೆ ಮಾಡಿದರು. ಬಹಳ ಹೊತ್ತು ಅಲ್ಲಾಡಲಿಲ್ಲ.

“ಅವಳಿಗೆ ನೆಗಡಿಯಾಗಿದೆ” ಎಂದರು.

ಅಳಿಯನಿಗೆ ನೆಗಡಿಯ ಸುಳಿವೂ ಕೇಳಿಸಿರಲಿಲ್ಲ. ನಿನ್ನೆ ಕೇಳಿದ ದನಿ ಹೇಗಿತ್ತೋ ಇವತ್ತೂ ಹಾಗೇ ಇತ್ತು, ಅವನ ಕಿವಿಗೆ. “ಹೌದಾ ಮಾವ?” ಎಂದ. ಮಾವ ಅವನನ್ನು ಒಮ್ಮೆ ನೋಡಿದರು.

“ನಿನಗೆ ಕೇಳಿಸ್ತಾ?”

ಅವನು ಇನ್ನೊಮ್ಮೆ ಕಿವಿಗೊಟ್ಟು ಕೇಳಿದ. “ಇಲ್ಲ ಮಾವ. ನನಗೆ ಗೊತ್ತಾಗ್ಲಿಲ್ಲ.”

ಮಾವ ಸರಿ ಎಂಬಂತೆ ತಲೆಯಾಡಿಸಿದರು. ಆಮೇಲೆ ಕೈ ಚಾಚಿ ವಾಲ್ಯೂಮನ್ನು ಏರಿಸಿದರು. ಒಂದು ಗೆರೆ, ಇನ್ನೊಂದು ಗೆರೆ. ಅಷ್ಟು ಬೇಕಿರಲಿಲ್ಲ, ಕರಡಿ ಕಾರಿನೊಳಗೇ ಬಂದು ಕೂತಂತಾಯಿತು. ಸಂಜೆ ಅಕ್ಕನಿಗೆ ಫೋನ್ ಮಾಡಿ, ಕಷಾಯ ಕುಡಿದ್ಯಾ ಎಂದರು. ನನಗ್ಯಾವ ನೆಗಡಿ, ಕಲ್ಲುಗುಂಡಿನ ಹಾಗಿದೀನಿ ಎಂದರಂತೆ ಅಕ್ಕ. “ಅವಳು ಯಾವತ್ತು ಒಪ್ಕೊಂಡಿದಾಳೆ” ಎಂದರು ಮಾವ.

ಈಗ ಅವನು ಯಾವ ಸೆಟ್ಟು ಕೂರಿಸಿದರೂ ಕಾರನ್ನು ಮೇಲೆ ತಂದು, ಎಂಜಿನ್ ಹಾಕಿ, ಇರುವುದರಲ್ಲೇ ಬಡಕಲು ಸ್ಟೇಷನ್ ಹುಡುಕಿ ಕೇಳಿ ಕೊಡುತ್ತಾನೆ. ಮಧ್ಯಾಹ್ನ ಅಂಗಡಿಯನ್ನು ಟೈರಿನವನ ಕಣ್ಗಾವಲಿಗೆ ಬಿಟ್ಟು ಮಾವನನ್ನು ದಿಬ್ಬಕ್ಕೆ ಕರೆದುಕೊಂಡು ಹೋಗುತ್ತಾನೆ. ಕೀಲಿ ಮೊಳೆಯ ಮೇಲೇ ಇರುತ್ತದೆ. ಮಾವ ತಾವಾಗಿ ಅದನ್ನು ತೆಗೆದುಕೊಂಡದ್ದಿಲ್ಲ. ಊಟದ ಮೇಜಿನಲ್ಲಿ “ಹಾಂ?” ಎನ್ನುವುದೂ ಪೂರ್ತಿ ನಿಂತಿಲ್ಲ. ಅತ್ತೆ ಮತ್ತೆ ರೇಗಿಸಲು ಶುರು ಮಾಡಿದ್ದಾರೆ, ಆದರೆ ಮೊದಲಿನಷ್ಟು ಮನಸ್ಸು ಬಿಚ್ಚಿ ಅಲ್ಲ.

ಮಾವನ ಕಿವಿ ನಿಜವಾಗಿ ಸ್ವಲ್ಪ ಮಂದವಾಗಿತ್ತೋ, ಅಥವಾ ಅಳಿಯನ ಒಂದು ಮಾತು ಒಳಗೆ ಹೋಗಿ ಕೂತು ಇನ್ನೂ ಸೊರಸೊರ ಎನ್ನುತ್ತಿದೆಯೋ, ಅವರು ಪರೀಕ್ಷೆ ಮಾಡಿಸದ ಕಾರಣ ಯಾರಿಗೂ ತಿಳಿದಿಲ್ಲ. ಆ ದಿನ ಅಕ್ಕನ ದನಿಯಲ್ಲಿ ನೆಗಡಿ ಇತ್ತೋ ಇಲ್ಲವೋ ಅದೂ ತಿಳಿದಿಲ್ಲ. ಕೀಲಿ ಮುಟ್ಟದಿರುವುದು ಅಂಜಿಕೆಯಿಂದಲೋ, ಅಳಿಯ ದಿನವೂ ಪಕ್ಕದಲ್ಲಿ ಕೂತಿರಲಿ ಎಂದೋ, ಅವನು ಕೇಳಿಲ್ಲ, ಅವರು ಹೇಳಿಲ್ಲ. ನನಗೂ ಗೊತ್ತಿಲ್ಲ.